ಕ್ಲೌಡ್‌ಕಿಲ್ ಬಿಟ್ರೆ ಓಡೋದು ಯಾವ ಕಡೆ?

ಕುಬ್ಜವೀರ
ಭಾನುವಾರ ಆದ ಅನಾಹುತ ಹೇಳ್ತೀನಿ, ಪೂರ್ತಿ ಓದಿ ಆಮೇಲೆ ಬೈರಿ. ಆಟ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಒಬ್ಬೊಬ್ರು ಒಂದು ಪಾತ್ರ ಆಗಿ ದಾಳ ಹಾಕ್ತಾ ಕತೆ ಆಡೋದು), ಫಿಫ್ತ್ ಎಡಿಷನ್, 2014ರ ಪುಸ್ತಕ. ನಾವು ನಾಲ್ಕು ಜನ, ಎಲ್ರೂ 6ನೇ ಲೆವೆಲ್. ನಾನು ಡ್ವಾರ್ಫ್ ಫೈಟರ್, ಜೊತೆಗೆ ಎಲ್ಫ್ ರೋಗ್, ನೋಮ್ ಡ್ರೂಯಿಡ್, ಹಾಫ್-ಆರ್ಕ್ ಪಾಲಡಿನ್. ನಾಲ್ಕೂ ಜನಕ್ಕೆ ಡಾರ್ಕ್‌ವಿಷನ್ (ಕತ್ತಲಲ್ಲೂ ಕಾಣೋ ಶಕ್ತಿ) ಇದೆ, ಹಾಗಾಗಿ ಪಂಜು-ಗಿಂಜು ಹಚ್ಚೋ ತಾಪತ್ರಯ ಇಲ್ಲ.

ಹಳೇ ಗಣಿಯ ಮೆಟ್ಟಿಲು ಇಳೀತಾ ಇದ್ವಿ. ಅರ್ಧ ಇಳಿದಿದ್ವಿ ಅಷ್ಟೇ, ಮೇಲೆ ಬಾಗಿಲ ಹತ್ರ ಆ ಹಾಳು ಮಾಂತ್ರಿಕ ನಿಂತ್ಕೊಂಡು ಕ್ಲೌಡ್‌ಕಿಲ್ ಅನ್ನೋ ವಿಷದ ಹೊಗೆ ಮಂತ್ರ ಬಿಟ್ಟ. ಬಾಗಿಲ ಬೆಳಕಲ್ಲಿ ಹಳದಿ-ಹಸಿರು ಹೊಗೆ ಉರುಳ್ಕೊಂಡು ಬರೋದು ಕಾಣ್ತು. ನಾನು "ಎಲ್ರೂ ಉಸಿರು ಬಿಗಿ ಹಿಡ್ಕೊಂಡು ಕೆಳಗೆ ಓಡಿ" ಅಂತ ಕೂಗಿದೆ. ಡಿಎಂ (ಆಟ ನಡೆಸೋನು) ನಕ್ಕ.

ರೋಗ್‌ಗೆ ಇದ್ದಿದ್ದು 39 ಹೆಚ್‌ಪಿ (ಜೀವಬಲ). ಮೊದಲ ಸಲ 26 ಹೋಯ್ತು, ಎರಡನೇ ಸಲ 19. ಬಿದ್ದ. ಬಿದ್ದವನ ಮೇಲೂ ಹೊಗೆ ಕೂತ್ಕೊಂಡೇ ಇತ್ತು, ಎರಡು ಡೆತ್ ಸೇವ್ (ಸಾವು ತಪ್ಪಿಸೋ ದಾಳ) ಫೇಲ್ ಆದ್ಮೇಲೆ ಪಾಲಡಿನ್ ತಡಕಾಡ್ಕೊಂಡು ಹೋಗಿ ಲೇ ಆನ್ ಹ್ಯಾಂಡ್ಸ್ ಮಾಡಿ ಎಬ್ಬಿಸಿದ. ಮಾಂತ್ರಿಕ ತಪ್ಪಿಸ್ಕೊಂಡ. ಮುಂದಿನ ಭಾನುವಾರ ಮತ್ತೆ ಅದೇ ಗಣಿ, ಅವನೇ. ಕೈಯಲ್ಲಿ ಸುಮಾರು 400 ಚಿನ್ನದ ನಾಣ್ಯ ಇದೆ. ಏನ್ ಮಾಡೋಣ? ನಮ್ಮ ಡಿಎಂ ಈ ಕಡೆ ಬರಲ್ಲ, ಧೈರ್ಯವಾಗಿ ಹೇಳಿ.

ದಾಳದ_ದಾಸ
ಕೆಳಗೆ ಓಡಿದ್ರಾ??? ಗುರು, ಆ ಹೊಗೆ ಗಾಳಿಗಿಂತ ಭಾರ ಅಂತ ಸ್ಪೆಲ್‌ನಲ್ಲೇ ಬರೆದಿದೆ. ತಗ್ಗು ಎಲ್ಲಿದೆಯೋ ಅಲ್ಲಿಗೆ ಹರಿಯುತ್ತೆ. ನೀವು ಓಡ್ಲಿಲ್ಲ, ಅದಕ್ಕೆ ದಾರಿ ತೋರಿಸಿದ್ರಿ.

ಕುಬ್ಜವೀರ
ಈಗ ಗೊತ್ತಾಯ್ತು ಬಿಡಪ್ಪ.

ರೂಲ್‌ಬುಕ್_ರಾಯ
ಡಿಎಂ ನಕ್ಕಿದ್ದು ಉಸಿರಿನ ವಿಷಯಕ್ಕೆ. ಕ್ಲೌಡ್‌ಕಿಲ್‌ಗೆ ಉಸಿರು ಬಿಗಿ ಹಿಡಿದ್ರೂ ಅಷ್ಟೇ, ಉಸಿರಾಡೋ ಅಗತ್ಯವೇ ಇಲ್ಲದ ಪ್ರಾಣಿ ಆದ್ರೂ ಅಷ್ಟೇ. ಎರಡೂ ನಡೆಯಲ್ಲ ಅಂತ ಸ್ಪಷ್ಟವಾಗಿ ಬರೆದಿದಾರೆ. ಉಸಿರಾಡದವರಿಗೆ ರಿಯಾಯಿತಿ ಇರೋದು ಸ್ಟಿಂಕಿಂಗ್ ಕ್ಲೌಡ್ ಅನ್ನೋ ಇನ್ನೊಂದು ಹೊಗೆ ಮಂತ್ರದಲ್ಲಿ. ಅಲ್ಲಿ ಅವರು ತಾನಾಗೇ ಪಾಸ್. ಜನ ಈ ಎರಡನ್ನೂ ಕಲಸಿ ಚಿತ್ರಾನ್ನ ಮಾಡ್ತಾರೆ.

ಕ್ಲೌಡ್‌ಕಿಲ್ 5ನೇ ಲೆವೆಲ್, 20 ಅಡಿ ತ್ರಿಜ್ಯ, ಕಾನ್ ಸೇವ್ (ಮೈ ಗಟ್ಟಿತನದ ಮೇಲೆ ತಡ್ಕೊಳ್ಳೋಕೆ ಹಾಕೋ ದಾಳ) ಫೇಲ್ ಆದ್ರೆ 5ಡಿ8 (8 ಮುಖದ ಐದು ದಾಳ) ವಿಷ, ಪಾಸ್ ಆದ್ರೆ ಅರ್ಧ. ಸರಾಸರಿ 22 ಚಿಲ್ಲರೆ. ನಿಮ್ಮ ರೋಗ್‌ಗೆ 45 ಬಿದ್ದಿದ್ದು ದುರದೃಷ್ಟ ಏನಲ್ಲ, ಲೆಕ್ಕಕ್ಕೆ ಸರಿಯಾಗೇ ಇದೆ. ಸ್ಟಿಂಕಿಂಗ್ ಕ್ಲೌಡ್ 3ನೇ ಲೆವೆಲ್, ಅದ್ರಲ್ಲಿ ಡ್ಯಾಮೇಜೇ ಇಲ್ಲ. ಫೇಲ್ ಆದ್ರೆ ಆ ಟರ್ನ್‌ನ ಆಕ್ಷನ್ ಪೂರ್ತಿ ವಾಂತಿ ಮಾಡೋದ್ರಲ್ಲೇ ಹೋಗುತ್ತೆ.

ಕುಡ್ಲ_ಕ್ಲೆರಿಕ್
ಎಂತ ಮಾರಾಯ್ರೆ, ಮುಖ್ಯ ವಿಷಯ ಯಾರೂ ಹೇಳ್ಲಿಲ್ಲ. ಆ ಹೊಗೆ ಮಾಂತ್ರಿಕನ ಪ್ರತಿ ಟರ್ನ್‌ಗೂ ಅವನಿಂದ 10 ಅಡಿ ದೂರಕ್ಕೆ ಸರಿಯುತ್ತದೆ. ಹಾಗಾಗಿ ಅವನಿಂದ ದೂರ ಓಡಿದ್ರೆ ಹೊಗೆಯೂ ನಿಮ್ಮ ಒಟ್ಟಿಗೇ ಬರ್ತದೆ. ಓಡುವುದಿದ್ರೆ ಅಡ್ಡಕ್ಕೆ ಓಡಿ, ಇಲ್ಲದಿದ್ರೆ ಸೀದಾ ಅವನ ಮೇಲೆಯೇ ಹೋಗಿ. ಹೊಗೆಯಿಂದ ಆಚೆ ಬಂದ್ರೆ ಎದುರಿಗೇ ಅವನು. ಎರಡು ಪೆಟ್ಟು ಬಿದ್ರೆ ಕಾನ್ಸಂಟ್ರೇಷನ್ (ಮಂತ್ರ ಹಿಡಿದಿಡುವ ಏಕಾಗ್ರತೆ) ಹೋಯ್ತು, ಹೊಗೆಯೂ ಹೋಯ್ತು. ನನಗೆ ಇದೊಂದೇ ಉತ್ತರ ಉಂಟು, ಬಾಕಿದ್ದೆಲ್ಲ ಮುಲಾಮು.

ಕುಬ್ಜವೀರ
ಮೆಟ್ಟಿಲಲ್ಲಿ ಅಡ್ಡಕ್ಕೆ ಎಲ್ಲಿ ಓಡ್ಲಿ ಅಣ್ಣ, ಗೋಡೆಗೆ ಗುದ್ದಬೇಕಷ್ಟೆ.

ಕುಡ್ಲ_ಕ್ಲೆರಿಕ್
ಹಾಗಾದ್ರೆ ಮೇಲಕ್ಕೆ. ನೀವು ಡ್ವಾರ್ಫ್ ಅಲ್ವಾ, ವಿಷದ ಡ್ಯಾಮೇಜ್ ಅರ್ಧ, ಸೇವ್‌ಗೆ ಅಡ್ವಾಂಟೇಜ್ (ಎರಡು ದಾಳ ಹಾಕಿ ಹೆಚ್ಚು ಬಂದದ್ದು ತೆಗೊಳ್ಳುವುದು). ನೀವೇ ಮುಂದೆ ನುಗ್ಗಬೇಕಿತ್ತು.

ಕುಬ್ಜವೀರ
ಅದೇ ಇನ್ನೊಂದು ಜಗಳ! ಅರ್ಧ ಡ್ಯಾಮೇಜ್ ಕೊಟ್ಟ, ಅಡ್ವಾಂಟೇಜ್ ಕೊಡ್ಲಿಲ್ಲ. "ವಿಷದ ವಿರುದ್ಧ ಸೇವ್" ಅಂತ ಕ್ಲೌಡ್‌ಕಿಲ್‌ನಲ್ಲಿ ಬರೆದಿಲ್ಲ, ಬರೀ ಕಾನ್ ಸೇವ್ ಅಂತಿದೆ ಅಂತಾನೆ ಡಿಎಂ.

ರೂಲ್‌ಬುಕ್_ರಾಯ
ಅಕ್ಷರಕ್ಕೆ ಅಕ್ಷರ ಹಿಡಿದ್ರೆ ಅವನು ಹೇಳಿದ್ದು ಸುಳ್ಳಲ್ಲ. ಸ್ಟಿಂಕಿಂಗ್ ಕ್ಲೌಡ್‌ನಲ್ಲಿ "ವಿಷದ ವಿರುದ್ಧ" ಅನ್ನೋ ಮಾತಿದೆ, ಕ್ಲೌಡ್‌ಕಿಲ್‌ನಲ್ಲಿ ಇಲ್ಲ.

ದಾಳದ_ದಾಸ
ವಿಷದ ಹೊಗೆ, ವಿಷದ ಡ್ಯಾಮೇಜ್, ಆದ್ರೆ ಸೇವ್ ಮಾತ್ರ ವಿಷದ್ದಲ್ವಂತೆ. ಹುಣಸೆಹಣ್ಣು ಹಾಕಿದಾರೆ, ಆದ್ರೆ ಸಾರಿನ ಹುಳಿಗೂ ಅದಕ್ಕೂ ಸಂಬಂಧ ಇಲ್ಲ ಅಂದಂಗಾಯ್ತು.

ರೂಲ್‌ಬುಕ್_ರಾಯ
ನನ್ನ ಟೇಬಲ್‌ನಲ್ಲಿ ನಾನೂ ಅಡ್ವಾಂಟೇಜ್ ಕೊಡ್ತೀನಿ ಕಣ್ರೀ. ಬರೆದಿರೋದು ಏನು ಅಂತ ಹೇಳಿದೆ ಅಷ್ಟೇ. ಮ್ಯಾಜಿಕ್ ಐಟಮ್‌ಗಳಲ್ಲಿ ನೆಕ್ಲೇಸ್ ಆಫ್ ಅಡಾಪ್ಟೇಷನ್ ನೋಡಿ, ಹಾನಿಕಾರಕ ಅನಿಲಗಳ ವಿರುದ್ಧ ಅಡ್ವಾಂಟೇಜ್ ಅಂತ ಹೇಳಿ, ಉದಾಹರಣೆಗೆ ಕ್ಲೌಡ್‌ಕಿಲ್, ಸ್ಟಿಂಕಿಂಗ್ ಕ್ಲೌಡ್ ಎರಡರ ಹೆಸರೂ ಹಾಕಿದಾರೆ. ಬರೆದವರ ಮನಸ್ಸಲ್ಲಿ ಎರಡೂ ಒಂದೇ ಜಾತಿ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಹಳೇ_ಹುಲಿ
ನಿಮ್ಮ ಅಡ್ವಾಂಟೇಜ್ ಜಗಳ ಓದಿ ನಗು ಬಂತು. ನಾವು ಸೆಕೆಂಡ್ ಎಡಿಷನ್ ಆಡೋವಾಗ ಹಾಸ್ಟೆಲ್‌ನಲ್ಲಿ ಇದ್ದಿದ್ದು ಒಂದೇ ಪುಸ್ತಕ, ಅದೂ ಜೆರಾಕ್ಸ್. 20 ಮುಖದ ದಾಳ ಒಂದೇ ಒಂದು, ಮಂಚದ ಕೆಳಗೆ ಹೋದ್ರೆ ಯುದ್ಧ ನಿಲ್ತಿತ್ತು. ಆಗಿನ ಕ್ಲೌಡ್‌ಕಿಲ್‌ನಲ್ಲಿ 4+1 ಹಿಟ್ ಡೈಸ್‌ಗಿಂತ (ಪಾತ್ರದ ಬಲದ ಅಳತೆ) ಕಡಿಮೆ ಇದ್ದವನಿಗೆ ಸೇವ್ ಅನ್ನೋದೇ ಇಲ್ಲ. ಹೊಗೆ ತಾಗ್ತು, ಸತ್ತ. ಕ್ಯಾರೆಕ್ಟರ್ ಶೀಟ್ ಹಿಂದುಗಡೆ ಮೆಸ್ ಲೆಕ್ಕ ಬರೀತಿದ್ವಿ. ಥರ್ಡ್ ಎಡಿಷನ್‌ನಲ್ಲಿ ಅದನ್ನ 3 ಹಿಟ್ ಡೈಸ್‌ಗೆ ಇಳಿಸಿದ್ರು. ಈಗ ನಿಮಗೆ ಬರೀ 5ಡಿ8, ಅದಕ್ಕೂ ಅಳ್ತೀರಿ.

ದಾಳದ_ದಾಸ
ಶುರುವಾಯ್ತು. ಸ್ಕೂಲಿಗೆ ಹತ್ತು ಮೈಲಿ ನಡ್ಕೊಂಡು ಹೋಗಿದ್ದೂ ಹೇಳ್ಬಿಡಿ ಅಂಕಲ್.

ಹಳೇ_ಹುಲಿ
ಅಂಕಲ್ ಅನ್ಬೇಡ ಮಗಾ, ಇನಿಷಿಯೇಟಿವ್ ಹಾಕು.

ಧಾರವಾಡದ_ಡ್ರೂಯಿಡ್
ಎಲ್ಲಾರೂ ಊರ ಸುದ್ದಿ ಹಚ್ಚೀರಿ, ಪಾರ್ಟಿಯೊಳಗ ಡ್ರೂಯಿಡ್ ಅದಾಳ ಅನ್ನೋದು ಯಾರೂ ನೋಡವಲ್ರಿ. ಗಸ್ಟ್ ಆಫ್ ವಿಂಡ್ ಐತಲ್ಲ! ಎರಡನೇ ಲೆವೆಲ್ ಸ್ಪೆಲ್ಲು. 60 ಅಡಿ ಉದ್ದ, 10 ಅಡಿ ಅಗಲ ಜೋರು ಗಾಳಿ ಬೀಸತೈತಿ. ಐದನೇ ಲೆವೆಲ್ ಮಂತ್ರಕ್ಕ ಎರಡನೇ ಲೆವೆಲ್ ಸ್ಲಾಟ್‌ಲೇ (ಮಂತ್ರ ಹಾಕಾಕ ಖರ್ಚಾಗೋ ಪಾಲು) ಉತ್ತರ. ಇದಕ್ಕಿಂತ ಅಗ್ಗದ ಸೌದಾ ಎಲ್ಲೂ ಸಿಗಂಗಿಲ್ಲ ನೋಡ್ರಿ.

ದಾಳದ_ದಾಸ
ಹೊಗೆ 40 ಅಡಿ ಅಗಲ, ಗಾಳಿ 10 ಅಡಿ. ನಡುವೆ ಒಂದು ಓಣಿ ಆಗುತ್ತೆ ಅಷ್ಟೇ, ಆಚೆ ಈಚೆ ಹೊಗೆ ಇದ್ದೇ ಇರುತ್ತೆ.

ಧಾರವಾಡದ_ಡ್ರೂಯಿಡ್
ಯಾರ್ ಹೇಳಿದ್ರು?

ದಾಳದ_ದಾಸ
ಲಾಜಿಕ್ ಹೇಳ್ತು.

ರೂಲ್‌ಬುಕ್_ರಾಯ
ಈ ಸಲ ಧಾರವಾಡದವರೇ ಸರಿ. ಜೋರು ಗಾಳಿ ಹೊಗೆಯನ್ನ ಚದುರಿಸಿದ್ರೆ ಕ್ಲೌಡ್‌ಕಿಲ್ ಅಲ್ಲಿಗೇ ಮುಗೀತು ಅಂತ ಆ ಸ್ಪೆಲ್ಲೇ ಹೇಳುತ್ತೆ. ಓಣಿ, ಸಂದಿ ಲೆಕ್ಕ ಇಲ್ಲ. ಗಸ್ಟ್‌ನ ವಿವರಣೆಯಲ್ಲೂ "ಜೋರು ಗಾಳಿ" ಅನ್ನೋ ಪದವೇ ಇದೆ. ಮಂತ್ರ ಅಳಿಸೋ ಡಿಸ್ಪೆಲ್ ಮ್ಯಾಜಿಕ್ ಹಾಕಿದ್ರೆ 3ನೇ ಲೆವೆಲ್ ಸ್ಲಾಟೂ ಹೋಗಿ, 15 ಬೇರೆ ಮುಟ್ಟಬೇಕು. ವಿಸ್ಡಮ್ +4 ಇದ್ರೆ ದಾಳದಲ್ಲಿ 11 ಬರ್ಬೇಕು, ಅಂದ್ರೆ ಫಿಫ್ಟಿ-ಫಿಫ್ಟಿ. ಗಸ್ಟ್‌ಗೆ ಅದ್ಯಾವುದೂ ಇಲ್ಲ. ಇನ್ನೊಂದು ಮಾತು, ಇದೇ ಗಾಳಿ ಸ್ಟಿಂಕಿಂಗ್ ಕ್ಲೌಡ್‌ನ ತಕ್ಷಣ ಓಡಿಸಲ್ಲ, ಒಂದು ರೌಂಡ್ ಬೀಸ್ಬೇಕು. ಸಣ್ಣ ಗಾಳಿ ಆದ್ರೆ ನಾಲ್ಕು ರೌಂಡ್.

ಮಂಡ್ಯ_ಮಾಂತ್ರಿಕ
ಗಸ್ಟ್ ಆಫ್ ವಿಂಡ್‌ಗೆ ಬೇಕಾದ ಸಾಮಾನು ಏನು ಅಂತ ಯಾರಾದ್ರೂ ನೋಡಿದ್ದೀರೇನ್ರಪ್ಪಾ? ಒಂದು ದ್ವಿದಳ ಧಾನ್ಯದ ಕಾಳು. ಅವರೆಕಾಳು ಕಣ್ಲಾ! ಕಾಳು ತಿಂದ್ರೆ ಗಾಳಿ! ಅಮೇರಿಕಾದಲ್ಲಿ ಕೂತ್ಕೊಂಡು ಬರೆದೋರಿಗೂ ಈ ಸತ್ಯ ಗೊತ್ತದೆ.

ದಾಳದ_ದಾಸ
🤣🤣 ವಿ.ವಿ. ಪುರಂ ಅವರೆ ಮೇಳ ಅಂದ್ರೆ ಡ್ರೂಯಿಡ್‌ಗಳ ಸಮ್ಮೇಳನ.

ಕುಡ್ಲ_ಕ್ಲೆರಿಕ್
ಸ್ಟಿಂಕಿಂಗ್ ಕ್ಲೌಡ್‌ಗೆ ಕೊಳೆತ ಮೊಟ್ಟೆ. ಇವರಿಗೆ ಒಳ್ಳೆ ತಮಾಷೆ ಉಂಟು.

ಮಂಡ್ಯ_ಮಾಂತ್ರಿಕ
ಹಿದುಕಿದ ಬೇಳೆ ನಡೀತದಾ, ಇಲ್ಲ ಸಿಪ್ಪೆ ಇರಬೇಕಾ? ರಾಯರೇ, ರೂಲ್ ಹೇಳಿ.

ರೂಲ್‌ಬುಕ್_ರಾಯ
ಮೊಳಕೆ ಬರೋ ಹಾಗಿದ್ರೆ ಬೀಜ, ಸಾರಿಗೆ ಬಿದ್ರೆ ಅಡುಗೆ. ಬೇಳೆ ನಡೆಯಲ್ಲ.

ಕೆಮಿಸ್ಟ್ರಿ_ಮಿಸ್
ಆಟ ನನಗೆ ಅಷ್ಟು ಬರಲ್ಲ, ಮಗ ಆಡ್ತಾನೆ, ಅವನ ಜೊತೆ ಓದ್ತಾ ಇದ್ದೆ. ಹಳದಿ-ಹಸಿರು, ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತೆ ಅಂದ ತಕ್ಷಣ ನನಗೆ ಹೊಳೆದಿದ್ದು ಕ್ಲೋರಿನ್. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಹತ್ತಿರ ಜರ್ಮನ್ ಸೈನ್ಯ ಸಿಲಿಂಡರ್‌ಗಳ ಬಾಯಿ ಬಿಚ್ಚಿ ಗಾಳಿ ಬೀಸೋ ಕಡೆಗೆ ಬಿಟ್ಟಿದ್ದು ಇದನ್ನೇ. ಎದುರಿಗಿದ್ದವರು ಕಂದಕದಲ್ಲಿದ್ರು. ಗುಂಡಿನಿಂದ ಕಾಪಾಡೋ ಗುಂಡಿಗೇ ಹೊಗೆ ತುಂಬ್ಕೊಂಡಿತು. ನಿಮ್ಮ ಮೆಟ್ಟಿಲಿನ ಕತೆಯೂ ಹಾಗೇ.

ಮನೆಯ ಎಲ್‌ಪಿಜಿ ಕೂಡ ಗಾಳಿಗಿಂತ ಭಾರ. ವಾಸನೆ ಬಂದ್ರೆ ಸ್ವಿಚ್ ಮುಟ್ಟದೆ ಬಾಗಿಲು ತೆಗೀರಿ ಅಂತ ಪ್ರತಿ ವರ್ಷ ಮಕ್ಕಳಿಗೆ ಹೇಳ್ತೀನಿ. ಕಿಟಕಿ ಒಂದೇ ತೆಗೆದು ಸುಮ್ನಾಗಬಾರದು, ಅದು ನೆಲದಲ್ಲೇ ಹರಡಿರುತ್ತೆ.

ಮಂಡ್ಯ_ಮಾಂತ್ರಿಕ
ಮಿಸ್ ಹೇಳಿದ್ದು ಸರಿ. ನಮ್ಮೂರಲ್ಲಿ ಹಾಳು ಬಾವಿ ಹೂಳು ತೆಗೆಯೋಕೆ ಇಳಿಯೋ ಮುಂಚೆ ಹಗ್ಗಕ್ಕೆ ಬಕೀಟು ಕಟ್ಟಿ, ಒಳಗೆ ದೀಪ ಇಟ್ಟು ಇಳುಸ್ತಿದ್ರು. ದೀಪ ನಂದೋಯ್ತು ಅಂದ್ರೆ ಆವತ್ತು ಯಾರೂ ಇಳಿಯಂಗಿಲ್ಲ. ನಮ್ಮ ತಾತ ಬೇವಿನ ಕೊಂಬೆ ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮ್ಯಾಕೂ ಕೆಳಕೂ ಆಡುಸ್ತಾ ನಿಂತಿದ್ದು ಈಗ್ಲೂ ಕಣ್ಣಿಗೆ ಕಟ್ಟದಂಗದೆ. ಎಲೆ ಉದುರಿ ನೀರಿನ ಮೇಲೆಲ್ಲಾ ತೇಲ್ತಿದ್ವು. ಆಮೇಲೆ ಮತ್ತೆ ದೀಪ. ಅದೇ ನಮ್ಮ ಗಸ್ಟ್ ಆಫ್ ವಿಂಡು.

ಕೆಮಿಸ್ಟ್ರಿ_ಮಿಸ್
ಬಾವಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಆಮ್ಲಜನಕ ಕಡಿಮೆಯಾದ್ರೆ ದೀಪ ಆರುತ್ತೆ, ಸರಿ. ಆದ್ರೆ ಎಲ್ಲ ವಿಷಾನಿಲಕ್ಕೂ ದೀಪ ಆರಲ್ಲ. ಹೊತ್ತಿಕೊಳ್ಳೋ ಅನಿಲ ಇದ್ರಂತೂ ದೀಪವೇ ಯಮ. ದಯವಿಟ್ಟು ಯಾರೂ ದೀಪ ನಂಬ್ಕೊಂಡು ನಿಜವಾದ ಬಾವಿಗೆ ಇಳೀಬೇಡಿ.

ಸುಮ್ನೆ_ಓದೋಳು
ಡಾರ್ಕ್‌ವಿಷನ್‌ನಲ್ಲಿ ಬಣ್ಣ ಕಾಣಲ್ಲ ಅಲ್ವಾ? ಒಂದು ಪಂಜು ಇಟ್ಕೊಳ್ಳಿ.

ಕುಬ್ಜವೀರ
ಪಂಜು ಹಚ್ಚಿದ್ರೆ ನಾವು ಎಲ್ಲಿದೀವಿ ಅಂತ ನಾವೇ ಡಂಗುರ ಹೊಡೆದಂಗೆ. ಗಸ್ಟ್ ಬೀಸಿದ್ರೆ ಅದೂ ಆರಿಹೋಗುತ್ತೆ. ಬೇಡ.

ಮಿಸ್, ಒದ್ದೆ ಬಟ್ಟೆ ಮೂಗಿಗೆ ಕಟ್ಕೊಂಡ್ರೆ? ನಮ್ಮ ರೋಗ್ ಈಗಾಗ್ಲೇ ಟವೆಲ್ ಕೊಂಡ್ಕೊಂಡಿದಾನೆ.

ರೂಲ್‌ಬುಕ್_ರಾಯ
ಉಸಿರು ಕಟ್ಟಿದ್ರೂ ಬಿಡದ ಹೊಗೆ ಟವೆಲ್‌ಗೆ ಹೆದರುತ್ತಾ? ರೋಗ್‌ಗೆ ಮುಂದಿನ ಲೆವೆಲ್‌ನಲ್ಲಿ ಇವೇಷನ್ ಬರುತ್ತೆ ಅಂತ ಕಾಯ್ತಿದ್ರೆ ಅದೂ ದಂಡ, ಅದು ಡೆಕ್ಸ್ (ಚುರುಕುತನದ) ಸೇವ್‌ಗೆ ಮಾತ್ರ.

ಕುಡ್ಲ_ಕ್ಲೆರಿಕ್
ಪ್ರೊಟೆಕ್ಷನ್ ಫ್ರಮ್ ಪಾಯ್ಸನ್ ಉಂಟಲ್ಲ. ಎರಡನೇ ಲೆವೆಲ್, ಒಂದು ಗಂಟೆ, ಕಾನ್ಸಂಟ್ರೇಷನ್ ಬೇಡ. ಡ್ರೂಯಿಡ್‌ಗೂ ಸಿಗ್ತದೆ, ಪಾಲಡಿನ್‌ಗೂ ಸಿಗ್ತದೆ. ರೋಗ್‌ನ ಮೇಲೆ ಮೊದಲೇ ಹಾಕಿಟ್ರೆ 22 ಇದ್ದದ್ದು 11 ಆಗ್ತದೆ. ಒಬ್ಬರಿಗೆ ಮಾತ್ರ ಅಂತ ಒಂದು ಬೇಜಾರು.

ಮತ್ತೆ ಪಾಲಡಿನ್ 6ನೇ ಲೆವೆಲ್ ಅಂತೀರಿ. ಅವನ ಔರಾ 10 ಅಡಿಯೊಳಗೆ ಎಲ್ಲರ ಸೇವ್‌ಗೂ ಕರಿಸ್ಮಾ ಸೇರಿಸ್ತದೆ. ಕ್ಲೌಡ್‌ಕಿಲ್ ಬಿದ್ದಾಗ ನೀವು ನಾಲ್ಕು ದಿಕ್ಕಿಗೆ ಓಡಿದ್ದೀರಿ ಅಂತ ನನ್ನ ಅಂದಾಜು.

ಕುಬ್ಜವೀರ
ನಾಲ್ಕಲ್ಲ ಅಣ್ಣ, ಒಂದೇ ದಿಕ್ಕಿಗೆ, ಕೆಳಕ್ಕೆ. ಪಾಲಡಿನ್ ಹಿಂದೆ ಉಳಿದ.

ದಾಳದ_ದಾಸ
ಆಂಟಿಟಾಕ್ಸಿನ್ (ವಿಷಕ್ಕೆ ಮದ್ದು) ತಗೊಳ್ಳಿ. ಬಾಟಲ್‌ಗೆ 50 ಚಿನ್ನ, ಒಂದು ಗಂಟೆ ಅಡ್ವಾಂಟೇಜ್.

ರೂಲ್‌ಬುಕ್_ರಾಯ
ಅದ್ರಲ್ಲೂ "ವಿಷದ ವಿರುದ್ಧ ಸೇವ್" ಅಂತಲೇ ಇರೋದು. ಡ್ವಾರ್ಫ್‌ಗೆ ಕೊಡದ ಡಿಎಂ ಬಾಟಲ್‌ಗೆ ಕೊಡ್ತಾನಾ ಅಂತ ಕೇಳಿ ದುಡ್ಡು ಬಿಚ್ಚಿ. 2024ರ ಪುಸ್ತಕದಲ್ಲಂತೂ ಪಾಯ್ಸನ್ಡ್ ಕಂಡಿಷನ್‌ಗೆ (ವಿಷ ಏರಿದ ಸ್ಥಿತಿಗೆ) ಮಾತ್ರ ಅಂತ ಮಾಡಿದಾರೆ, ಕ್ಲೌಡ್‌ಕಿಲ್ ಡ್ಯಾಮೇಜ್‌ಗೆ ಅದು ಜೀರಿಗೆ ಕಷಾಯ.

ಹಳೇ_ಹುಲಿ
ನಾನು ಡಿಎಂ ಆಗಿದ್ದಾಗ ವಾತಾವರಣಕ್ಕೆ ಇರ್ಲಿ ಅಂತ ಸಾಂಬ್ರಾಣಿ ಹಾಕಿದ್ದೆ. ಬಾಗಿಲು ಕಿಟಕಿ ಎಲ್ಲಾ ಬಂದ್, ನಡುವೆ ದಾಳ, ಸುತ್ತ ಹೊಗೆ. ಹತ್ತು ನಿಮಿಷಕ್ಕೆ ಮನೆ ಓನರ್ ಆಂಟಿ ನೀರಿನ ಬಕೆಟ್ ಹಿಡ್ಕೊಂಡು ಬಂದ್ರು. ಒಬ್ಬನಿಗೆ ವೀಸಿಂಗ್ ಶುರುವಾಗಿತ್ತು. ಆವತ್ತು ಎಲ್ರೂ ಸೇವ್ ಫೇಲ್.

ಧಾರವಾಡದ_ಡ್ರೂಯಿಡ್
ಆಂಟಿ ಬಕೆಟ್ ನೀರು ಹೊಯ್ದ್ರೇನ್ರಿ?

ಹಳೇ_ಹುಲಿ
ಕ್ಯಾರೆಕ್ಟರ್ ಶೀಟ್ ಮೇಲೆ.

ಡಿಎಂ_ಪರದೆ_ಹಿಂದೆ
ನಮಸ್ಕಾರ. "ನಮ್ಮ ಡಿಎಂ ಈ ಕಡೆ ಬರಲ್ಲ" ಅನ್ನೋ ಸಾಲು ಬಹಳ ಇಷ್ಟವಾಯ್ತು.

ದಾಳದ_ದಾಸ
ಅಯ್ಯಯ್ಯೋ.

ಮಂಡ್ಯ_ಮಾಂತ್ರಿಕ
ಓಡ್ರಲಾ. ಕೆಳಕ್ಕಲ್ಲ, ಮ್ಯಾಕೆ!

ಡಿಎಂ_ಪರದೆ_ಹಿಂದೆ
ಅಡ್ವಾಂಟೇಜ್ ವಿಷಯದಲ್ಲಿ ರಾಯರ ನೆಕ್ಲೇಸ್ ವಾದ ಒಪ್ಪಿದೆ. ಮುಂದಿನ ಸಲದಿಂದ ಡ್ವಾರ್ಫ್‌ಗೂ ಕೊಡ್ತೀನಿ, ಆಂಟಿಟಾಕ್ಸಿನ್‌ಗೂ ಕೊಡ್ತೀನಿ. ಹೋದ ಭಾನುವಾರದ ಹೆಚ್‌ಪಿ ಮಾತ್ರ ವಾಪಸ್ ಕೇಳ್ಬಾರ್ದು. ಗಸ್ಟ್ ಹಾಕಿದ್ರೆ ಹೊಗೆ ಪೂರ್ತಿ ಹೋಗುತ್ತೆ, ಅದ್ರಲ್ಲಿ ಚೌಕಾಸಿ ಮಾಡಲ್ಲ. ಬಾಕಿ ಏನೂ ಓದಿಲ್ಲ ಅಂತ ಇಟ್ಕೊಳ್ಳಿ.

ಕುಬ್ಜವೀರ
ಇದು ಮೋಸ ಕಣೋ.

ಡಿಎಂ_ಪರದೆ_ಹಿಂದೆ
ಮಾಂತ್ರಿಕನ ಇಂಟೆಲಿಜೆನ್ಸ್ 17. ಒಂದು ಸಲ ತಪ್ಪಿಸ್ಕೊಂಡವರು ಎರಡನೇ ಸಲ ತಯಾರಾಗಿ ಬರ್ತಾರೆ ಅಂತ ಊಹೆ ಮಾಡೋಕೆ ಅವನಿಗೆ ಈ ಚರ್ಚೆ ಬೇಕಾಗಿಲ್ಲ.

ಕುಬ್ಜವೀರ
ಸೋಮವಾರ ಬೆಳಿಗ್ಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಬರೀತಿದೀನಿ. ಕೇಳಿ.

ನಾಲ್ಕು ಆಂಟಿಟಾಕ್ಸಿನ್ ಕೊಂಡ್ವಿ, 200 ಚಿನ್ನ ಖಾಲಿ. ರೋಗ್ ಮೇಲೆ ಪ್ರೊಟೆಕ್ಷನ್ ಹಾಕಿದ್ವಿ. ಎಲ್ರೂ ಪಾಲಡಿನ್ ಸುತ್ತ ಮದುವೆ ಮನೆ ಫೋಟೋಗೆ ನಿಂತಂಗೆ ಅಂಟ್ಕೊಂಡು ಇಳಿದ್ವಿ. ಡ್ರೂಯಿಡ್ ಕಾಂಜ್ಯೂರ್ ಆ್ಯನಿಮಲ್ಸ್ ಹಾಕಿ ಎಂಟು ತೋಳ ಕರೆಸಿ ಮುಂದೆ ಬಿಟ್ಟಿದ್ಲು. ಗಣಿಯ ತಳದಲ್ಲಿ ಕಗ್ಗತ್ತಲು, ಮಾಂತ್ರಿಕ ಆ ತುದಿಯಲ್ಲಿದ್ದ. ತೋಳಗಳು ಇನ್ನೇನು ಅವನ ಕಾಲಿಗೆ ಬಾಯಿ ಹಾಕ್ಬೇಕು, ಕೈ ಎತ್ತಿದ, ಧಪ್ ಅಂತ ನಮ್ಮ ಸುತ್ತ ಹೊಗೆ.

ಡಿಎಂ ಹೇಳಿದ್ದು ಇಷ್ಟೇ: "ದಟ್ಟ ಹೊಗೆ, ನಿಮ್ಮ ಮೂಗೂ ನಿಮಗೆ ಕಾಣಲ್ಲ." ನಾವು ಮೂರೂ ಜನ ಗಟಗಟ ಅಂತ ಬಾಟಲ್ ಎತ್ತಿದ್ವಿ, ಮೂರು ಆಕ್ಷನ್ ಹೋಯ್ತು. ಡ್ರೂಯಿಡ್ ಹೆಮ್ಮೆಯಿಂದ ಗಸ್ಟ್ ಆಫ್ ವಿಂಡ್ ಅಂದ್ಲು. ಡಿಎಂ ತಣ್ಣಗೆ ಕೇಳಿದ, "ಅದಕ್ಕೂ ಕಾನ್ಸಂಟ್ರೇಷನ್ ಬೇಕು, ತೋಳಗಳನ್ನ ಬಿಡ್ತೀಯಾ?" ಬಿಟ್ಲು. ಎಂಟೂ ಮಾಯ. ಗಾಳಿ ಬೀಸ್ತು, ಹೊಗೆ ಹೋಯ್ತು. ಸೇವ್ ಹಾಕಿ ಅಂತ ಅವನು ಯಾರಿಗೂ ಹೇಳ್ಲೇ ಇಲ್ವಲ್ಲ ಅಂತ ನನಗೆ ಹೊಳೆದಿದ್ದು ಆಗ.

ರೂಲ್‌ಬುಕ್_ರಾಯ
ಫಾಗ್ ಕ್ಲೌಡ್!

ಕುಬ್ಜವೀರ
ಫಾಗ್ ಕ್ಲೌಡ್. ಒಂದನೇ ಲೆವೆಲ್. ಬರೀ ಮಂಜು. ಡಾರ್ಕ್‌ವಿಷನ್‌ನಲ್ಲಿ ಎಲ್ಲಾ ಬೂದಿ ಬಣ್ಣ, ಹಳದಿ-ಹಸಿರು ಎಲ್ಲಿಂದ ಕಾಣ್ಬೇಕು? "ಬಣ್ಣ ಯಾವ್ದು ಅಂತ ಒಬ್ರೂ ಕೇಳ್ಲಿಲ್ಲ" ಅಂದ. ಮಾಂತ್ರಿಕ ಮುಂದಿನ ಟರ್ನ್‌ನಲ್ಲಿ ಡೈಮೆನ್ಷನ್ ಡೋರ್ (ಬೇರೆ ಜಾಗಕ್ಕೆ ಹಾರೋ ಮಂತ್ರ) ಹಾಕ್ಕೊಂಡು ಎದ್ದು ಹೋದ.

ಡಿಎಂ_ಪರದೆ_ಹಿಂದೆ
ಅವನ 5ನೇ ಲೆವೆಲ್ ಸ್ಲಾಟ್ ಹಾಗೇ ಇದೆ.

ಹಳೇ_ಹುಲಿ
ಈ ಡಿಎಂ ನಮ್ಮ ಹಾಸ್ಟೆಲ್‌ನಲ್ಲಿ ಇರಬೇಕಿತ್ತು.

ಸುಮ್ನೆ_ಓದೋಳು
ಪಂಜು ಒಂದಕ್ಕೆ 1 ತಾಮ್ರದ ನಾಣ್ಯ.

ಕುಬ್ಜವೀರ
ಗೊತ್ತಾಯ್ತು ಅಕ್ಕಾ, ಹತ್ತು ಕೊಂಡ್ಕೋತೀನಿ.

ಮಂಡ್ಯ_ಮಾಂತ್ರಿಕ
ಅದೆಲ್ಲಾ ಇರ್ಲಿ ಬುಡಿ. ಡ್ರೂಯಿಡಮ್ಮನ ತಾವ ಅವರೆಕಾಳು ಇನ್ನೂ ಎಷ್ಟು ಉಳಿದದೆ?